ಎಷ್ಟು ಬಿಸಿಯಾಗ್ತಿದೆ ಸಾರ್?

ಆಟೋಮ್ಯಾಟಿಕ್ ಕಾರು ಇಟ್ಟುಕೊಂಡ ನೆಂಟರು, ಪರಿಚಯದವರು ಘಾಟಿ ಕಡೆ ಹೊರಡುವ ಮುಂಚೆ ನನಗೊಂದು ಫೋನ್ ಮಾಡುವುದುಂಟು. ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಗೇರ್‌ಬಾಕ್ಸ್‌ಗೆ ಬೇರೆ ಆಯಿಲ್ ಕೂಲರ್ ಹಾಕಿಸೋದು ಒಳ್ಳೇದಾ?" ನಾನು ಯಂತ್ರ ಕಲಿತವನಲ್ಲ. ಇಡೀ ಉದ್ಯೋಗ ಜೀವನ ಲೆಕ್ಕಪರಿಶೋಧನೆಯಲ್ಲಿ ಕಳೆದವನು. ಆದರೆ ಕೂಲರ್ ಹಾಕಿಸಿಯೂ ಗೇರ್‌ಬಾಕ್ಸ್ ಸುಟ್ಟುಕೊಂಡವನು ನಾನು ಎಂಬುದು ಬಳಗದಲ್ಲಿ ಎಲ್ಲರಿಗೂ ಗೊತ್ತು. "ಕೂರಿಸಿದವರು ಸರಿಯಾಗಿ ಕೂರಿಸಲಿಲ್ಲವಂತೆ" ಎನ್ನುವುದು ಅವರೆಲ್ಲ ಕೇಳಿರುವ ಕಥೆ. ಆ ಕಥೆ ಹೇಳಿದವನು ನಾನೇ. ಅದರಲ್ಲಿ ನಾನು ಬಿಟ್ಟ ಭಾಗ ಒಂದಿದೆ. ಹಾಕಿಸಬೇಕೋ ಬೇಡವೋ ಎಂಬುದಕ್ಕೆ ಉತ್ತರ ಇರುವುದು ಆ ಭಾಗದಲ್ಲೇ. ಆದ್ದರಿಂದ ಈ ಸಲ ಪೂರ್ತಿ ಹೇಳುತ್ತೇನೆ.

ನಮ್ಮದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಡೀಸೆಲ್ ಎಸ್‌ಯುವಿ. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಕ್ಲಚ್ ತುಳಿದು ತುಳಿದು ಎಡ ಮೊಣಕಾಲು ಕೈಕೊಟ್ಟ ಮೇಲೆ, ಇನ್ನು ಆಟೋಮ್ಯಾಟಿಕ್ಕೇ ಆಗಬೇಕು ಎಂದು ಹುಡುಕಿ ತಂದದ್ದು. ಹೆಂಡತಿಯ ತವರು ಪುತ್ತೂರಿನ ಹತ್ತಿರದ ಒಂದು ಹಳ್ಳಿ. ಅಡಿಕೆ ತೋಟದ ನಡುವೆ ಮನೆ. ಬೇಸಿಗೆ ರಜೆಗೂ ಹಬ್ಬಕ್ಕೂ ಅಲ್ಲಿಗೆ ಹೋಗಿಬರುವುದು ನಮ್ಮ ವರ್ಷದ ಕ್ರಮ. ದಾರಿ ರಾಷ್ಟ್ರೀಯ ಹೆದ್ದಾರಿ 75: ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಗುಂಡ್ಯ, ಉಪ್ಪಿನಂಗಡಿ. ಈ ದಾರಿಯಲ್ಲಿ ಹೋಗುವಾಗ ಘಾಟಿ ಇಳಿಯುವುದು, ಆಗ ಕಾರಿನಲ್ಲಿ ನಾಲ್ಕು ಬಟ್ಟೆಯ ಚೀಲ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಬರುವಾಗ ಘಾಟಿ ಹತ್ತಬೇಕು. ಆಗ ತವರಿನವರು ಕಟ್ಟಿಕೊಟ್ಟ ತೆಂಗಿನಕಾಯಿ ಮೂಟೆ, ಕುಚ್ಚಲಕ್ಕಿ, ಹಲಸಿನಕಾಯಿ, ಮಾವಿನ ಮಿಡಿಯ ಭರಣಿ ಎಲ್ಲ ಸೇರಿ ಹಿಂದಿನ ಸ್ಪ್ರಿಂಗು ಕೂತುಬಿಟ್ಟಿರುತ್ತದೆ. ಗುಂಡ್ಯದ ತಗ್ಗಿನಿಂದ ಶುರುವಾಗುವ ಏರು ಸಕಲೇಶಪುರ ಮುಟ್ಟುವ ಹೊತ್ತಿಗೆ ಸಮುದ್ರಮಟ್ಟದಿಂದ 900 ಮೀಟರ್ ದಾಟಿರುತ್ತದೆ.

ಒಂದು ಮೇ ತಿಂಗಳಲ್ಲಿ ಹಾಗೆ ಮರಳುತ್ತಿದ್ದೆವು. ಮಳೆ ಇನ್ನೂ ಬಿದ್ದಿರಲಿಲ್ಲ. ಮಂಗಳೂರಿನಿಂದ ಗ್ಯಾಸ್ ತುಂಬಿಕೊಂಡು ಬರುವ ಬುಲೆಟ್ ಟ್ಯಾಂಕರುಗಳು ಸಾಲಾಗಿ ಹತ್ತುತ್ತಿದ್ದವು. ಅವುಗಳ ಬೆನ್ನಿಗೆ ಅಂಟಿಕೊಂಡು ಮನುಷ್ಯ ನಡೆಯುವ ವೇಗದಲ್ಲಿ ನಾವು. ಗೇರ್ ಲಿವರ್ ‘ಡಿ’ಯಲ್ಲೇ ಇತ್ತು, ಎಸಿ ಪೂರ್ತಿ ಓಡುತ್ತಿತ್ತು. ಎಂಜಿನ್ ಶಾಖ ತೋರಿಸುವ ಮುಳ್ಳು ನಡುಮಧ್ಯದಲ್ಲಿ ಅಲುಗದೆ ನಿಂತಿತ್ತು. ಮಾರನಹಳ್ಳಿ ಹತ್ತಿರ ಬರುತ್ತಿದ್ದಂತೆ ಮೀಟರಿನಲ್ಲಿ ಅದುವರೆಗೆ ನೋಡಿರದ ಒಂದು ಹಳದಿ ದೀಪ ಹತ್ತಿಕೊಂಡಿತು. ಹಲ್ಲಿನ ಚಕ್ರದೊಳಗೆ ಥರ್ಮಾಮೀಟರಿನ ಚಿತ್ರ. ಪಕ್ಕಕ್ಕೆ ನಿಲ್ಲಿಸಿ, ‘ಪಿ’ಗೆ ಹಾಕಿ, ಎಂಜಿನ್ ಆರಿಸದೆ ಕಾದೆವು. ಸ್ವಲ್ಪ ಹೊತ್ತಿಗೆ ದೀಪ ಆರಿತು. ಅಲ್ಲಿಂದ ಮುಂದೆ ಬೆಂಗಳೂರಿನವರೆಗೆ ನನ್ನ ಕಣ್ಣು ರಸ್ತೆಯ ಮೇಲಿದ್ದಷ್ಟೇ ಹೊತ್ತು ಆ ದೀಪದ ಜಾಗದ ಮೇಲೂ ಇತ್ತು.

ರಾತ್ರಿ ಭಾವಮೈದನಿಗೆ ಫೋನಿನಲ್ಲಿ ಹೇಳಿದೆ. ಅವನು ತೋಟದ ಪಿಕಪ್ ಓಡಿಸುವವನು. "ಎಂತ ಭಾವ, ಚಡಾವಲ್ಲೂ ಡಿಯಲ್ಲೇ ಬಿಟ್ಟದ್ದಾ? ಒಂದು ಗೇರು ಕೆಳಗೆ ಹಿಡಿದು ಹತ್ತಿಸಿ ಮಾರಾಯ್ರೆ. ಟ್ಯಾಂಕರಿನ ಹಿಂದೆ ಅಂಟಿಕೊಳ್ಳಬೇಡಿ, ಜಾಗ ಬಿಟ್ಟು ಒಂದೇ ಹದದಲ್ಲಿ ಬನ್ನಿ," ಎಂದ. ನಾನು ಹೂಂಗುಟ್ಟಿದೆ. ಗೇರು ಬದಲಾಯಿಸುವ ಗೋಜು ಬೇಡವೆಂದೇ ಆಟೋಮ್ಯಾಟಿಕ್ ಕೊಂಡದ್ದು, ಈಗ ಅದಕ್ಕೂ ಗೇರು ಹಿಡಿಯಬೇಕೆಂದರೆ ಏನರ್ಥ ಎಂದು ಒಳಗೊಳಗೇ ಅಂದುಕೊಂಡೆ. ಕಾರಿನಲ್ಲೇ ಏನೋ ಕೊರತೆ ಇದೆ, ಅದನ್ನು ತುಂಬಿಸಬೇಕು ಎಂಬುದು ಆ ರಾತ್ರಿಯೇ ಮನಸ್ಸಿನಲ್ಲಿ ನಿಂತುಬಿಟ್ಟಿತು.

ಆಮೇಲೆ ಓದಲು ಕೂತೆ. ಓದಿದ್ದು ಸುಳ್ಳಲ್ಲ. ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸಿನಲ್ಲಿ ಎಂಜಿನ್ನಿಗೂ ಗೇರುಗಳಿಗೂ ನಡುವೆ ಎಣ್ಣೆ ತುಂಬಿದ ಗುಂಡನೆಯ ಡಬ್ಬಿಯೊಂದಿರುತ್ತದೆ. ಅದರೊಳಗೆ ಎದುರುಬದುರಾಗಿ ರೆಕ್ಕೆಗಳಿರುವ ಎರಡು ಚಕ್ರ. ಎಂಜಿನ್ ತಿರುಗಿಸುವ ಚಕ್ರ ಎಣ್ಣೆಯನ್ನು ಎಸೆಯುತ್ತದೆ, ಆ ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗುತ್ತದೆ. ಜರ್ಮನಿಯ ಹರ್ಮನ್ ಫ್ಯೋಟಿಂಗರ್ 1905ರಲ್ಲಿ ಹಡಗುಗಳಿಗೆಂದು ಪೇಟೆಂಟ್ ಪಡೆದ ತತ್ವ ಇದು. ಎರಡು ಚಕ್ರಗಳ ವೇಗದಲ್ಲಿ ವ್ಯತ್ಯಾಸ ಇರುವಷ್ಟೂ ಹೊತ್ತು ಎಣ್ಣೆ ಕಡೆದು ಬಿಸಿಯಾಗುತ್ತದೆ. ಸಮತಟ್ಟಿನ ಹೆದ್ದಾರಿಯಲ್ಲಿ ಒಳಗಿನ ಲಾಕಪ್ ಕ್ಲಚ್ಚು ಎರಡನ್ನೂ ಹಿಡಿದು ಜೋಡಿಸಿಬಿಡುವುದರಿಂದ ಬಿಸಿ ಕಡಿಮೆ. ಭಾರ ಹೊತ್ತು, ನಿಧಾನವಾಗಿ, ನಿಂತು ನಿಂತು ಏರು ಹತ್ತುವಾಗ ಆ ಹಿಡಿತ ಸಿಗುವುದಿಲ್ಲ, ಎಣ್ಣೆ ಕಾಯುತ್ತಲೇ ಹೋಗುತ್ತದೆ. ಆ ಕಾದ ಎಣ್ಣೆ ಕೊಳವೆಯಲ್ಲಿ ಹರಿದು ಮುಂದಿನ ರೇಡಿಯೇಟರಿಗೆ ಬಂದು, ಅದರ ತೊಟ್ಟಿಯೊಳಗಿನ ಸಣ್ಣ ಕೂಲರಿನಲ್ಲಿ ಎಂಜಿನ್ನಿನ ನೀರಿಗೆ ತನ್ನ ಬಿಸಿ ಕೊಟ್ಟು ಮರಳುತ್ತದೆ. ಎಣ್ಣೆ ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಕ್ಷೇಮ. 120 ದಾಟಿ ಉಳಿದರೆ ಅದು ಬೇಗ ಕೆಡುತ್ತದೆ, ಬಣ್ಣ ಕಂದುತ್ತದೆ, ಕ್ಲಚ್ ಪ್ಲೇಟುಗಳು ಜಾರತೊಡಗುತ್ತವೆ.

ಅಮೆರಿಕದಲ್ಲಿ ದೋಣಿ, ಟ್ರೇಲರ್ ಎಳೆದುಕೊಂಡು ಮರುಭೂಮಿಯ ಏರು ಹತ್ತುವವರು ಹೆಚ್ಚುವರಿ ಕೂಲರ್ ಹಾಕಿಸುವುದು ಮಾಮೂಲು ಎಂದೂ ಓದಿದೆ. ಅಲ್ಲಿ ಕೆಲವು ಏರುಗಳ ಬುಡದಲ್ಲಿ, ಕಾರು ಕಾಯದಂತೆ ಎಸಿ ಆರಿಸಿ ಎಂದು ಬರೆದ ಸರ್ಕಾರಿ ಬೋರ್ಡುಗಳೇ ಇವೆ. ಇಷ್ಟೆಲ್ಲ ತಿಳಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಫ್ಯೋಟಿಂಗರನ ಪೇಟೆಂಟಿನ ಇಸವಿ ನನಗೆ ಬಾಯಿಪಾಠವಾಗಿತ್ತು. ಶಿರಾಡಿಯಲ್ಲಿ ನನ್ನ ಕಾರಿನ ಎಣ್ಣೆ ಎಷ್ಟು ಡಿಗ್ರಿಗೆ ಹೋಗಿತ್ತು ಎಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಹೊಳೆಯಲೂ ಇಲ್ಲ.

ದೀಪಾವಳಿ ಹತ್ತಿರ ಬಂತು. ಜೆ.ಸಿ. ರಸ್ತೆಗೆ ಹೋಗಿ ನಾನೇ ಒಂದು ಕೂಲರ್ ಆರಿಸಿ ಕೊಂಡುಕೊಂಡೆ. ಅಂಗೈ ಅಗಲದ ಅಲ್ಯೂಮಿನಿಯಂ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಗಾಳಿಯಾಡಲು ತೆಳು ಜಾಲರಿ ಕೊಟ್ಟಿದ್ದ ಮಾಲು. ಅದನ್ನು ಹಿಡಿದುಕೊಂಡು ನಮ್ಮ ಮೇಸ್ತ್ರಿಯ ಗ್ಯಾರೇಜಿಗೆ ಹೋದೆ. ಅವರು ಹಿರಿಯರು, ಮಾತು ಕಡಿಮೆ. ಕೂಲರನ್ನು ತಿರುಗಿಸಿ ನೋಡಿ ಬೆಂಚಿನ ಮೇಲಿಟ್ಟರು.

"ಎಷ್ಟು ಬಿಸಿಯಾಗ್ತಿದೆ ಸಾರ್?"

"ದೀಪ ಬಂತು ಅಂದೆನಲ್ಲ."

"ದೀಪ ಬಂತು ಸರಿ. ಎಷ್ಟಕ್ಕೆ ಹೋಗಿತ್ತು, ಯಾಕೆ ಹೋಯ್ತು, ಅದು ನೋಡ್ಬೇಕು. ಮಗೂಗೆ ಮೈ ಸುಡ್ತಿದ್ರೆ ಮೊದಲು ಥರ್ಮಾಮೀಟರ್ ಇಡ್ತೀವಲ್ಲ ಸಾರ್. ಎರಡು ದಿನ ಗಾಡಿ ಬಿಡಿ. ಮುಂದಿನ ಬಂಪರ್ ಬಿಚ್ಚಿ ರೇಡಿಯೇಟರ್ ನೋಡ್ತೀನಿ, ಆಯಿಲ್ ನೋಡ್ತೀನಿ, ಸ್ಕ್ಯಾನರ್ ಹಾಕಿ ಒಂದು ರೌಂಡ್ ಹೋಗಿಬರ್ತೀನಿ. ಆಮೇಲೂ ಬೇಕು ಅನ್ನಿಸಿದ್ರೆ ಹಾಕೋಣ."

ಇದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ಆದರೂ ನನಗೆ ಅಸಮಾಧಾನವಾಯಿತು. ಅಷ್ಟು ಓದಿ, ಅಷ್ಟು ಹುಡುಕಿ ನಾನು ತಂದದ್ದನ್ನು ಇವರು ಪಕ್ಕಕ್ಕಿಟ್ಟರಲ್ಲ ಎಂದು. ನಾಡಿದ್ದು ಹೊರಡಬೇಕಿತ್ತು, ಎರಡು ದಿನ ಎಲ್ಲಿಂದ ತರಲಿ ಎಂದು. ಹಬ್ಬ ಮುಗಿಯಲಿ ನೋಡೋಣ ಎಂದು ಹೇಳಿ ಕೂಲರನ್ನು ಎತ್ತಿಕೊಂಡು ಬಂದೆ.

ಬೇರೊಂದು ಕಡೆ, ಇಂಥ ಸಾಮಾನು ಕೂರಿಸಿಕೊಡುವ ಸಣ್ಣ ವರ್ಕ್‌ಶಾಪಿಗೆ ಹೋದೆ. ಕೆಲಸಕ್ಕೆ ನಿಂತವನು ಇಪ್ಪತ್ತರ ಆಸುಪಾಸಿನ ಹುಡುಗ. ಚುರುಕಾಗಿ ಗ್ರಿಲ್ ಬಿಚ್ಚಿದ, ಎಸಿ ಕಂಡೆನ್ಸರಿನ ಮುಂದೆ ಜಾಗ ಅಳೆದ, ರೇಡಿಯೇಟರಿನಿಂದ ಗೇರ್‌ಬಾಕ್ಸಿಗೆ ಮರಳುವ ಕೊಳವೆಯನ್ನು ಗುರುತಿಸಿದ. ಅಷ್ಟು ಮಾಡಿ ಎದ್ದು ನಿಂತು ಹೇಳಿದ: "ಸಾರ್, ಗೇರ್ ಆಯಿಲಿಗೆ ಅಂತ ಬರೋ ಪೈಪ್ ಸ್ಟಾಕ್ ಇಲ್ಲ. ನಾಳಿದ್ದು ಬರುತ್ತೆ. ಅಲ್ಲೀವರೆಗೂ ಗಾಡಿ ಬಿಡಿ." ಪಕ್ಕದಲ್ಲಿ ಬೇರೆ ಕೆಲಸಕ್ಕೆ ಬಳಸುವ ಕಪ್ಪು ರಬ್ಬರ್ ಪೈಪಿನ ಸುರುಳಿ ನೇತುಹಾಕಿತ್ತು. ಇದಾಗಲ್ವಾ ಎಂದು ಕೇಳಿದೆ. ಅಷ್ಟು ಬಿಸಿಗೆ ಅದು ತಡೆಯಲ್ಲ ಎಂದ. ಈಗ ಇದನ್ನೇ ಹಾಕು, ಹಬ್ಬ ಮುಗಿಸಿಕೊಂಡು ಬಂದು ಬದಲಾಯಿಸೋಣ ಎಂದೆ. ಅವನು ಮಾಲೀಕರ ಮುಖ ನೋಡಿದ. ಗಿರಾಕಿ ನಿಂತಿದ್ದಾನೆ, ಹಬ್ಬದ ರಶ್ಶು. ಅವರು ತಲೆಯಾಡಿಸಿದರು. ಕೂಲರನ್ನು ಕಂಡೆನ್ಸರಿನ ಜಾಲರಿಯೊಳಗೆ ತೂರಿಸಿದ ಪ್ಲಾಸ್ಟಿಕ್ ಟೈಗಳಿಂದ ಬಿಗಿದದ್ದೂ ಆಯಿತು. ಮಧ್ಯಾಹ್ನಕ್ಕೆಲ್ಲ ಕೆಲಸ ಮುಗಿದಿತ್ತು. ಹಣ ಕೊಟ್ಟು ಕಾರು ಹತ್ತಿದಾಗ, ಮೇ ತಿಂಗಳಿನಿಂದ ಹೊಟ್ಟೆಯೊಳಗೆ ಕೂತಿದ್ದ ಭಯ ಪೂರ್ತಿ ಇಳಿದುಹೋಗಿತ್ತು.

ಹೋಗುವಾಗ ಏನೂ ಆಗಲಿಲ್ಲ, ಆಗುವಂಥದ್ದೂ ಇರಲಿಲ್ಲ. ಇಳಿಜಾರು, ಹಗುರ ಕಾರು, ಬೆಳಗಿನ ತಂಪು. ದೀಪ ಬರಲಿಲ್ಲವೆಂದು ಭಾವಮೈದನಿಗೆ ಬಾನೆಟ್ ಎತ್ತಿ ಕೂಲರ್ ತೋರಿಸಿದೆ. ಅವನು ಬಗ್ಗಿ ನೋಡಿ, "ಗಾಳಿ ಹೋಗ್ಲಿಕ್ಕೆ ಜಾಗ ಉಂಟಾ ಭಾವ ಇದರಲ್ಲಿ?" ಎಂದ. ನಾನು ಬೇರೆ ಮಾತು ತೆಗೆದೆ.

ಮರಳುವಾಗ ಮತ್ತೆ ಅದೇ ಏರು, ಅದೇ ಟ್ಯಾಂಕರುಗಳು, ಅಷ್ಟೇ ಭಾರ. ಈ ಸಲ ಎಚ್ಚರಿಕೆಯ ದೀಪಕ್ಕಿಂತ ಮೊದಲು ವಾಸನೆ ಬಂತು. ಸುಟ್ಟ ಎಣ್ಣೆಯ ಕಮಟು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮೊರೆಯುತ್ತಿತ್ತು, ಕಾರು ಮಾತ್ರ ಮುಂದೆ ಹೋಗುತ್ತಿರಲಿಲ್ಲ. ನಿಂತಿತು. ಇಳಿದು ಹಿಂದೆ ನೋಡಿದರೆ, ಕಾಂಕ್ರೀಟ್ ರಸ್ತೆಯ ಮೇಲೆ ನಾವು ಬಂದ ದಾರಿಯುದ್ದಕ್ಕೂ ಎಣ್ಣೆಯ ಗೆರೆ. ಮುಂದೆ ಬಗ್ಗಿ ನೋಡಿದೆ. ಬಿಸಿಗೆ ಮೆತ್ತಗಾದ ರಬ್ಬರ್ ಪೈಪು ಕ್ಲಿಪ್ಪಿನಿಂದ ಜಾರಿ ನೇತಾಡುತ್ತಿತ್ತು. ಅದರ ಬಾಯಿಂದ ಇನ್ನೂ ಎಣ್ಣೆ ತೊಟ್ಟಿಕ್ಕುತ್ತಿತ್ತು. ಈ ಎಣ್ಣೆ ಕಾದ ಸೈಲೆನ್ಸರ್ ಪೈಪಿಗೆ ಬಿದ್ದರೆ ಬೆಂಕಿ ಹತ್ತಬಹುದು ಎಂಬುದನ್ನೂ ನಾನು ಓದಿದ್ದೆ. ತಲೆಯೆತ್ತಿದಾಗ ನನ್ನ ಕಾರಿನ ಬೆನ್ನಿಗೆ ನಿಂತಿದ್ದುದು ತುಂಬಿದ ಗ್ಯಾಸ್ ಟ್ಯಾಂಕರ್. ಹೆಂಡತಿಗೆ ಇಳಿದು ದೂರ ಹೋಗು ಎಂದು ಹೇಳುವಾಗ ನನ್ನ ದನಿ ನಡುಗುತ್ತಿತ್ತು.

ಟ್ಯಾಂಕರಿನ ಚಾಲಕ ಇಳಿದು ಬಂದ. ಬೈಯುತ್ತಾನೆ ಅಂದುಕೊಂಡೆ. ಅವನು ಬೈಯಲಿಲ್ಲ. ಕೆಳಗೆ ಬಗ್ಗಿ ನೋಡಿ, ಎಂಜಿನ್ ಆರಿಸಿ ಎಂದ. ತನ್ನ ಕ್ಲೀನರನನ್ನು ಕರೆದು, ರಸ್ತೆ ಬದಿಯ ಮಣ್ಣು ತಂದು ಎಣ್ಣೆಯ ಮೇಲೆ ಹರವಿಸಿದ. ಹಿಂದಿನ ಗಾಡಿಗಳವರೂ ಬಂದು ಕಾರನ್ನು ಪಕ್ಕಕ್ಕೆ ತಳ್ಳಿದರು. ಏರಿನಲ್ಲಿ ಅಷ್ಟು ಭಾರದ ಕಾರು ತಳ್ಳುವುದು ಸುಲಭವಲ್ಲ. ಅವರ ಬೆನ್ನು ಬೆವೆತು ಅಂಗಿ ಅಂಟಿಕೊಂಡದ್ದನ್ನು ನೋಡುತ್ತ ನಾನು ಸ್ಟೀರಿಂಗ್ ಹಿಡಿದುಕೊಂಡಿದ್ದೆ. ಘಾಟಿಯಲ್ಲಿ ಒಂದು ಗಾಡಿ ಕೆಟ್ಟರೆ ಎಷ್ಟು ಉದ್ದದ ಸಾಲು ನಿಲ್ಲುತ್ತದೆ ಎಂಬುದು ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು. ಆ ಸಾಲಿನಲ್ಲಿ ಹಸಿದ ಮಕ್ಕಳಿದ್ದರು, ಆಸ್ಪತ್ರೆಗೆ ಹೊರಟವರಿದ್ದರೋ ಏನೋ. ಒಬ್ಬರು ಹಗ್ಗ ಕಟ್ಟಿ ಎಳೆಯೋಣ ಎಂದರು. ಅದು ಮಾತ್ರ ಬೇಡ ಎಂದು ಭಾವಮೈದ ಫೋನಿನಲ್ಲಿ ತಡೆದ. ಎಂಜಿನ್ ಓಡದಿದ್ದರೆ ಗೇರ್‌ಬಾಕ್ಸಿನ ಪಂಪೂ ಓಡುವುದಿಲ್ಲ, ಚಕ್ರ ಉರುಳಿಸಿಕೊಂಡು ಎಳೆದರೆ ಉಳಿದದ್ದೂ ಸವೆದುಹೋಗುತ್ತದೆ. ಫ್ಲ್ಯಾಟ್‌ಬೆಡ್ ಲಾರಿ ಬರುವ ಹೊತ್ತಿಗೆ ಕತ್ತಲಾಗಿತ್ತು.

ಬೆಂಗಳೂರಿಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಆ ವರ್ಕ್‌ಶಾಪಿಗೆ ಹೋಗಿ ಕೂಗಾಡಿದ್ದು. ಬೇರೆ ಗಿರಾಕಿಗಳಿದ್ದರು. ನಿಮ್ಮ ಕೆಲಸದಿಂದ ನನ್ನ ಹೆಂಡತಿಯ ಜೀವಕ್ಕೆ ಕುತ್ತು ಬಂತು ಎಂದೆ. ಮಾಲೀಕರು ಹುಡುಗನನ್ನು ಕರೆದರು. ಅವನು ಬನಿಯನ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ನಿಂತ. ದನಿಯೇರಿಸದೆ ಹೇಳಿದ: "ಸಾರ್, ಬೇರೆ ಪೈಪ್ ಬರ್ಲಿ ಅಂತ ಹೇಳಿದ್ನಲ್ಲ. ಇದನ್ನೇ ಹಾಕು, ಹಬ್ಬ ಮುಗಿಸ್ಕೊಂಡು ಬರ್ತೀನಿ ಅಂದ್ರಿ." ಎಲ್ಲರೂ ನನ್ನ ಕಡೆ ನೋಡಿದರು. ಹೌದು, ಹೇಳಿದ್ದೆ ಎನ್ನಲು ನನ್ನಲ್ಲಿ ಆಗ ಧೈರ್ಯವಿರಲಿಲ್ಲ. "ಕೆಲಸ ಗೊತ್ತಿರೋರು ನೀವು, ನಾನು ಹೇಳಿದ್ರೂ ಹಾಕ್ಬಾರದಿತ್ತು," ಎಂದು ಹೇಳಿ ಹೊರಬಂದೆ. ಆ ಮಾತಿನಲ್ಲಿ ಅರ್ಧ ಸತ್ಯವಿತ್ತು. ಅದರ ಹಿಂದೆ ನಾನು ಅಡಗಿಕೊಂಡೆ. ಮನೆಯಲ್ಲಿ, ನೆಂಟರಲ್ಲಿ, ಎಲ್ಲ ಕಡೆ ಹೇಳಿದ್ದು ಆ ಅರ್ಧವನ್ನೇ.

ಗೇರ್‌ಬಾಕ್ಸ್ ಇಳಿಸಿದ್ದು ನಮ್ಮ ಮೇಸ್ತ್ರಿ. ಎರಡು ದಿನ ಕೊಡದೆ ಹೋದವನೆಂದು ಒಂದು ಮಾತೂ ಆಡಲಿಲ್ಲ. ಒಳಗಿನ ಕ್ಲಚ್ ಪ್ಲೇಟುಗಳು ಕಪ್ಪಾಗಿದ್ದವು. ಕೆಂಪಾಗಿರಬೇಕಾದ ಎಣ್ಣೆ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ಸವೆದ ಪ್ಲೇಟುಗಳ ಪುಡಿ ಹೊಕ್ಕಿದ್ದರಿಂದ ಹೊಸ ಕೂಲರನ್ನೂ ಮತ್ತೆ ಬಳಸುವಂತಿರಲಿಲ್ಲ. ಮನೆಗೆ ಬಣ್ಣ ಹೊಡೆಸಲೆಂದು ಎತ್ತಿಟ್ಟಿದ್ದ ಹಣ ಪೂರ್ತಿ ಇದಕ್ಕೆ ಹೋಯಿತು. ಆದರೆ ನನ್ನನ್ನು ಹೆಚ್ಚು ಕಲಕಿದ್ದು ಅವರು ಆಮೇಲೆ ತೋರಿಸಿದ ಇನ್ನೊಂದು. ಬಂಪರ್ ಬಿಚ್ಚಿ, ಕಂಡೆನ್ಸರನ್ನು ಸರಿಸಿ, "ಬನ್ನಿ ಸಾರ್, ನೋಡಿ," ಎಂದು ಕರೆದರು. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿನಲ್ಲಿ ಧೂಳು, ಹುಳುಗಳ ರೆಕ್ಕೆ, ಒಣಗಿದ ಎಲೆಯ ಚೂರು, ಅಡಿಕೆ ಅಂಗಳದ ನಾರು ಎಲ್ಲ ಸೇರಿ ಗಟ್ಟಿಯಾಗಿ ಕೂತಿತ್ತು. ಅವರು ಉಗುರಿನಿಂದ ಕೆರೆದರು, ಪದರವೇ ಕಿತ್ತು ಬಂತು. ಹಿಂದಿನಿಂದ ಸಣ್ಣ ಪೈಪಿನಲ್ಲಿ ನೀರು ಬಿಟ್ಟರು. ಈ ಕಡೆಗೆ ಒಂದು ಹನಿಯೂ ಬರಲಿಲ್ಲ. ನೀರೇ ಹಾಯದ ಜಾಗದಲ್ಲಿ ಗಾಳಿ ಎಲ್ಲಿಂದ ಹಾಯಬೇಕು?

ಅವರು ಬಿಡಿಸಿ ಹೇಳಿದ್ದು ಇಷ್ಟು. ಗೇರ್‌ಬಾಕ್ಸಿನ ಎಣ್ಣೆ ತಣಿಯುವುದು ರೇಡಿಯೇಟರಿನ ನೀರಿನಿಂದ. ಆ ನೀರಿಗಿಂತ ತಣ್ಣಗೆ ಅದು ಆಗಲಾರದು. ನೀರೇ ತಣಿಯದಿದ್ದರೆ ಎಣ್ಣೆ ತಣಿಯುವ ಮಾತೇ ಇಲ್ಲ. ಮುಳ್ಳು ನಡುವಿನಲ್ಲಿ ಇತ್ತಲ್ಲ ಎಂದು ಕೇಳಿದೆ. ಈಗಿನ ಎಷ್ಟೋ ಕಾರುಗಳಲ್ಲಿ ನೀರು ಹತ್ತಿಪ್ಪತ್ತು ಡಿಗ್ರಿ ಹೆಚ್ಚುಕಡಿಮೆಯಾದರೂ ಮುಳ್ಳು ಅಲುಗದಂತೆ ಮಾಡಿರುತ್ತಾರೆ, ಅದು ಏಳುವ ಹೊತ್ತಿಗೆ ತಡವಾಗಿರುತ್ತದೆ ಎಂದರು. ಎಣ್ಣೆಯನ್ನು ಹಿಂದಿನ ಮಾಲೀಕರೂ ಬದಲಾಯಿಸಿದಂತಿರಲಿಲ್ಲ, ನಾನೂ ಬದಲಾಯಿಸಿರಲಿಲ್ಲ. ಕಾರಿನ ಪುಸ್ತಕದಲ್ಲಿ, ಬೆಟ್ಟದ ದಾರಿ ಮತ್ತು ಹೆಚ್ಚು ಭಾರ ಇದ್ದರೆ ಎಣ್ಣೆಯನ್ನು ಬೇಗ ಬದಲಾಯಿಸಿ ಎಂದು ಬರೆದ ಪುಟವನ್ನು ಅವರೇ ತೆರೆದು ತೋರಿಸಿದರು. ಮೊದಲೇ ಗಾಳಿಯಾಡದ ರೇಡಿಯೇಟರಿನ ಮುಂದೆ ನಾನು ಇನ್ನೊಂದು ಅಡ್ಡಿ ತಂದು ನಿಲ್ಲಿಸಿದ್ದೆ. ಭಾವಮೈದ ಬಾನೆಟ್ಟಿನೊಳಗೆ ಬಗ್ಗಿ ಕೇಳಿದ್ದೂ ಅದನ್ನೇ.

ರೇಡಿಯೇಟರನ್ನು ಎಂಜಿನ್ ಕಡೆಯಿಂದ ಹೊರಕ್ಕೆ, ಜಾಲರಿ ಮಡಚದಂತೆ ಸಣ್ಣ ಧಾರೆಯಲ್ಲಿ ತೊಳೆದರು. ಗೇರ್‌ಬಾಕ್ಸ್ ಕೂತ ಮೇಲೆ ಕಂಪನಿ ಹೇಳಿದ ನಂಬರಿನ ಎಣ್ಣೆಯನ್ನೇ ತುಂಬಿ, ಬಿಸಿಯಾದ ಮೇಲೆ ಎಂಜಿನ್ ಓಡುತ್ತಿರುವಾಗ ಮಟ್ಟ ನೋಡಿದರು. ಮುಂದಿನ ಬೇಸಿಗೆಯಲ್ಲಿ ಸ್ಕ್ಯಾನರ್ ಸಿಕ್ಕಿಸಿಕೊಂಡು, ಮಾಮೂಲಿನ ಭಾರದೊಂದಿಗೆ ಶಿರಾಡಿ ಹತ್ತಿದೆ. ಪಕ್ಕದಲ್ಲಿ ಭಾವಮೈದ ಫೋನ್ ಹಿಡಿದು ಅಂಕಿ ಓದುತ್ತಿದ್ದ. ‘ಡಿ’ಯಲ್ಲೇ ಬಿಟ್ಟಾಗ ಎಣ್ಣೆ 104 ಡಿಗ್ರಿ ಮುಟ್ಟಿತು. ಒಂದು ಗೇರು ಕೆಳಗೆ ಹಿಡಿದು, ಟ್ಯಾಂಕರಿಗೆ ಅಂತರ ಬಿಟ್ಟು ಹತ್ತಿಸಿದಾಗ 96ಕ್ಕೆ ಇಳಿಯಿತು. ಹೆಚ್ಚುವರಿ ಕೂಲರ್ ಇಲ್ಲದೆಯೇ. ದೀಪ ಬರಲಿಲ್ಲ.

ಆ ಅಂಕಿಗಳನ್ನು ಕೇಳುತ್ತ ನನಗೆ ನನ್ನ ಉದ್ಯೋಗ ನೆನಪಾಯಿತು. ಒಂದು ವೋಚರ್ ಇಲ್ಲದಿದ್ದರೆ ಎಂಥವರ ಲೆಕ್ಕಕ್ಕೂ ನಾನು ಸಹಿ ಹಾಕಿದವನಲ್ಲ. ಆಧಾರ ತೋರಿಸಿ ಎಂದು ದೊಡ್ಡ ದೊಡ್ಡ ಅಧಿಕಾರಿಗಳನ್ನು ನಿಲ್ಲಿಸಿ ಕೇಳಿದ್ದೇನೆ. ಅದೇ ಮಾತನ್ನು ಮೇಸ್ತ್ರಿ ನನಗೆ ಕೇಳಿದಾಗ ಅದು ಅವಮಾನದಂತೆ ಕಂಡಿತು. ಯಾಕೆ ಎಂದು ಬಹಳ ಯೋಚಿಸಿದ್ದೇನೆ. ನನಗೆ ಬೇಕಿದ್ದುದು ಎಣ್ಣೆಯ ಬಿಸಿ ಇಳಿಯುವುದಲ್ಲ, ನನ್ನ ಭಯ ಇಳಿಯುವುದು ಅಂತ ಈಗ ಅನ್ನಿಸುತ್ತದೆ. ಭಯಕ್ಕೆ ಕಾಯುವ ತಾಳ್ಮೆ ಇರುವುದಿಲ್ಲ. ಏನಾದರೂ ಕೊಂಡುತಂದು ಕೂರಿಸಿದರೆ ಅದಕ್ಕೆ ಸಮಾಧಾನ. ಬಂಪರ್ ಬಿಚ್ಚಿ ಕಸ ತೊಳೆಯುವುದು ಅದಕ್ಕೆ ಕೆಲಸವಾಗಿಯೇ ಕಾಣುವುದಿಲ್ಲ. ಓದೂ ನನಗೆ ಆ ಭಯದ ಪರವಾಗಿಯೇ ದುಡಿಯಿತು. ಕೂಲರ್ ಬೇಕು ಎನ್ನುವುದನ್ನೆಲ್ಲ ಓದಿದೆ. ನನ್ನ ಕಾರಿಗೆ ಬೇಕೇ ಎಂದು ಕೇಳುವ ಒಂದು ಪುಟವನ್ನು, ಕಾರಿನ ಡ್ಯಾಶ್‌ಬೋರ್ಡಿನೊಳಗೇ ಇದ್ದ ಪುಸ್ತಕವನ್ನು ಓದಲಿಲ್ಲ.

ಇನ್ನೂ ಕಷ್ಟದ ಮಾತೆಂದರೆ ನನ್ನ ಆತುರಕ್ಕೆ ನಾನೊಬ್ಬನೇ ಬೆಲೆ ತೆರಲಿಲ್ಲ. ಬೆವರು ಸುರಿಸಿ ತಳ್ಳಿದವರು ತೆತ್ತರು. ಆ ಹುಡುಗ ತೆತ್ತ. ನಾನು ಕೂಗಾಡಿ ಹೋದ ಮೇಲೆ ಅವನಿಗೆ ಮಾಲೀಕರು ಬೈದು, ಕೆಲಸದಿಂದ ಬಿಡಿಸುವ ಮಾತಾಡಿದ್ದರೆಂದು ಮೇಸ್ತ್ರಿಯ ಕಿವಿಗೆ ಬಿದ್ದಿತ್ತು. ಅದನ್ನು ಕೇಳಿದ ಮೇಲೆ ರಾತ್ರಿ ನಿದ್ದೆ ಹತ್ತದೆ, ಮರುದಿನ ಅಲ್ಲಿಗೆ ಹೋದೆ. ಮಾಲೀಕರ ಮುಂದೆಯೇ, ಅವನು ಹೇಳಿದ್ದು ನಿಜ, ಆ ಪೈಪ್ ಹಾಕಿಸಿದವನು ನಾನು, ಎಲ್ಲರೆದುರು ಅವನ ಮೇಲೆ ಹಾಕಿದ್ದು ತಪ್ಪು ಎಂದೆ. ಹುಡುಗ ಸಂಕೋಚದಿಂದ, "ಆಯ್ತು ಬಿಡಿ ಸಾರ್," ಎಂದ. ಒಳಗೆ ಹೋಗಿ ಒಂದು ಪೈಪಿನ ತುಂಡು ತಂದ. "ಹಬ್ಬ ಆದ್ಮೇಲೆ ಬರ್ತೀನಿ ಅಂದಿದ್ರಲ್ಲ, ನಿಮ್ದು ಅಂತ ಎತ್ತಿಟ್ಟಿದ್ದೆ." ಆ ಪೈಪಿನ ಹಣ ಕೊಟ್ಟು ತೆಗೆದುಕೊಂಡು ಬಂದೆ. ಈಗಲೂ ಗೂಡಿನಲ್ಲಿದೆ.

ಹಾಗಾದರೆ ಕೂಲರ್ ಹಾಕಿಸಬೇಕೋ ಬೇಡವೋ? ಬೇಕಾದವರು ಇದ್ದಾರೆ. ದಿನವೂ ಭಾರ ಹೊತ್ತು ಘಾಟಿ ಹತ್ತಿಳಿಯುವ ಬಾಡಿಗೆ ಗಾಡಿಗಳು, ಟ್ರೇಲರ್ ಎಳೆಯುವವು, ಎಲ್ಲ ಸರಿಪಡಿಸಿದ ಮೇಲೂ ಎಣ್ಣೆಯ ಬಿಸಿ ಇಳಿಯದವು. ಅಂಥವಕ್ಕೆ ಒಳ್ಳೆಯ ಕೂಲರ್ ಗೇರ್‌ಬಾಕ್ಸಿನ ಆಯುಷ್ಯ ಹೆಚ್ಚಿಸುತ್ತದೆ. ಆದರೆ ಅದನ್ನು ರೇಡಿಯೇಟರಿನ ನಂತರ, ಮರಳುವ ಕೊಳವೆಯಲ್ಲಿ ಸೇರಿಸಬೇಕು. ಗೇರ್ ಆಯಿಲಿಗೆಂದೇ ಬರುವ ಪೈಪು, ಬೋಲ್ಟು ಹಾಕಿದ ಬ್ರಾಕೆಟ್ಟು ಇರಬೇಕು. ಚಳಿ ಹೆಚ್ಚಿರುವ ಊರಾದರೆ, ಎಣ್ಣೆ ಬೇಕಾದಷ್ಟು ಬಿಸಿಯಾಗುವವರೆಗೆ ಅದನ್ನು ಕೂಲರಿಗೆ ಬಿಡದ ಥರ್ಮೋಸ್ಟಾಟ್ ಇದ್ದರೆ ಒಳ್ಳೆಯದು, ಎಣ್ಣೆ ತೀರಾ ತಣ್ಣಗಿರುವುದೂ ಗೇರ್‌ಬಾಕ್ಸಿಗೆ ಹಿತವಲ್ಲ. ನಮ್ಮಲ್ಲಿ 2014ರಲ್ಲಿ ಸೆಲೆರಿಯೊ ಮೂಲಕ ಬಂದು ಈಗ ಸಣ್ಣ ಕಾರುಗಳಲ್ಲೆಲ್ಲ ಕಾಣುವ ಎಎಂಟಿಗೆ ಈ ಕೂಲರಿನಿಂದ ಪ್ರಯೋಜನವೇ ಇಲ್ಲ. ಅಲ್ಲಿರುವುದು ಮಾಮೂಲಿ ಒಣ ಕ್ಲಚ್ಚು, ಅದನ್ನು ತುಳಿಯುವ ಕೆಲಸ ಮಾತ್ರ ಯಂತ್ರದ್ದು. ಒಣ ಕ್ಲಚ್ಚಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನಲ್ಲೂ ಕಾಯುವುದು ಕ್ಲಚ್ಚು. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಲ್ಲೇ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸ ಬಿಟ್ಟರೆ ಅದಕ್ಕೆ ಆಗುವಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗದು.

ಫೋನ್ ಮಾಡಿದವರಿಗೆ ನಾನು ಮೊದಲು ಕೇಳುವುದು ಮೇಸ್ತ್ರಿ ಕೇಳಿದ ಪ್ರಶ್ನೆಯನ್ನೇ. ಬಹಳ ಜನರಿಗೆ ಉತ್ತರ ಗೊತ್ತಿರುವುದಿಲ್ಲ, ಕೆಲವರಿಗೆ ಬೇಸರವೂ ಆಗುತ್ತದೆ. ಆ ಬೇಸರದ ಪರಿಚಯ ನನಗಿದೆ, ಅದಕ್ಕೇ ಬಿಡದೆ ಹೇಳುತ್ತೇನೆ: ರೇಡಿಯೇಟರ್ ತೊಳೆಸಿ, ಎಣ್ಣೆ ಬದಲಾಯಿಸಿ, ಏರಿನಲ್ಲಿ ಗೇರು ಇಳಿಸಿ ಹಿಡಿಯಿರಿ, ಆಮೇಲೆ ಅಳೆಯಿರಿ. ಆಗಲೂ ಬಿಸಿ ಇಳಿಯದಿದ್ದರೆ ಧಾರಾಳವಾಗಿ ಕೂಲರ್ ಹಾಕಿಸಿ. ಕೆಲಸ ಗೊತ್ತಿರುವವರು ಎರಡು ದಿನ ಕೇಳಿದರೆ ಎರಡು ದಿನ ಕೊಡಿ, ಹಬ್ಬ ಎದುರಿಗಿದ್ದರೂ ಕೊಡಿ. ಬೆಂಗಳೂರಿನಿಂದ ಪುತ್ತೂರಿಗೆ ರಾತ್ರಿ ಬಸ್ಸುಗಳಿವೆ. ಆ ದೀಪಾವಳಿಗೆ ನಾವು ಬಸ್ಸಿನಲ್ಲಿ ಹೋಗಬಹುದಿತ್ತು.